ಮಾಂಡೋವಿಯ ಮೇಜಿನಲ್ಲಿ ಜಾಣ್ಮೆಗೆ ಎಷ್ಟು ಬೆಲೆ?

ದೀಪಾವಳಿ ಬಂತೆಂದರೆ ರಾಜ್ಯದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಊರ ಹೊರಗಿನ ಹೊಲದಲ್ಲೋ, ಕೆರೆ ಏರಿಯ ಮರೆಯಲ್ಲೋ ಅಂದರ್ ಬಾಹರ್ ಆಡುತ್ತಿದ್ದ ಏಳೆಂಟು ಮಂದಿಯ ಬಂಧನ. ಪಣಕ್ಕಿಟ್ಟಿದ್ದ ಕೆಲವು ಸಾವಿರ ರೂಪಾಯಿ, 52 ಇಸ್ಪೀಟು ಎಲೆಗಳ ವಶ. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87ರ ಅಡಿ ಪ್ರಕರಣ ದಾಖಲು. ಅದೇ ವಾರಾಂತ್ಯದಲ್ಲಿ ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು, ಪಣಜಿಯ ದಡದಲ್ಲಿ ಕ್ಯಾಸಿನೊದ ದೋಣಿ ಏರುವ ಕನ್ನಡಿಗನ ಮುಂದೆ ಅವೇ 52 ಎಲೆಗಳನ್ನು ಸಮವಸ್ತ್ರ ತೊಟ್ಟ ಡೀಲರ್ ಅಚ್ಚುಕಟ್ಟಾಗಿ ಹಂಚುತ್ತಾನೆ. ಅಲ್ಲಿ ಅದು ಪ್ರವಾಸೋದ್ಯಮ.

ಈ ವ್ಯತ್ಯಾಸ ಹೊಸದೇನೂ ಅಲ್ಲ. ಹೊಸದಾಗಿರುವುದು ಆ ದೋಣಿ ಏರುವವರ ಉದ್ದೇಶ. ರೂಲೆಟ್ ಚಕ್ರವನ್ನು ಒಮ್ಮೆ ನೋಡಿ ಬರೋಣವೆಂದು ಹೋಗುವವರ ಜೊತೆಗೆ, ಪೋಕರ್ ಆಡಲೆಂದೇ ರಜೆ ಹಾಕಿ ಹೋಗುವ ವರ್ಗವೊಂದು ನಗರಗಳಲ್ಲಿ ಬೆಳೆದಿದೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿಯ ಯುವ ವ್ಯಾಪಾರಿ, ಮಂಗಳೂರಿನ ವೃತ್ತಿಪರ ಪದವೀಧರ ಮುಂತಾದವರು ಈ ವರ್ಗಕ್ಕೆ ಸೇರಿದವರು. ಇವರಲ್ಲಿ ಹೆಚ್ಚಿನವರು ಆಟ ಕಲಿತದ್ದು ಮೊಬೈಲ್ ಫೋನಿನಲ್ಲಿ. ತಾವು ಜೂಜುಕೋರರಲ್ಲ, ಬುದ್ಧಿಯ ಆಟ ಆಡುವವರು ಎಂಬುದು ಇವರ ದೃಢ ನಂಬಿಕೆ. ಆ ನಂಬಿಕೆಗೆ ನ್ಯಾಯಾಲಯಗಳ ಆಧಾರವೂ ಇದೆ. ಆದರೆ ಎರಡು ರಾತ್ರಿಯ ಪ್ರವಾಸದಲ್ಲಿ ಆ ಬುದ್ಧಿ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬ ಲೆಕ್ಕವನ್ನು ಮಾಡುವವರು ವಿರಳ.

ಫೋನಿನಿಂದ ಹಡಗಿಗೆ

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಎರಡೇ ದಿನಗಳಲ್ಲಿ ಅಂಗೀಕರಿಸಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಹಣವಿಟ್ಟು ಆಡುವ ಆನ್‌ಲೈನ್ ಆಟ ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ ನಿಷಿದ್ಧ ಎಂಬುದು ಅದರ ತಿರುಳು. ಅಂತಹ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಸುಮಾರು 45 ಕೋಟಿ ಜನ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂದಾಜನ್ನು ಸರ್ಕಾರ ಆಗ ಮುಂದಿಟ್ಟಿತ್ತು. ದೊಡ್ಡ ಪೋಕರ್ ಮತ್ತು ರಮ್ಮಿ ಜಾಲತಾಣಗಳು ದಿನಗಳೊಳಗೆ ಹಣದ ಆಟ ನಿಲ್ಲಿಸಿದವು. ಅಂಕಿತ ಬಿದ್ದ ಮರುದಿನವೇ ಅಕ್ರಮ ಬೆಟ್ಟಿಂಗ್ ಪ್ರಕರಣವೊಂದರಲ್ಲಿ ಕರ್ನಾಟಕದ ಶಾಸಕರೊಬ್ಬರನ್ನು ಜಾರಿ ನಿರ್ದೇಶನಾಲಯ ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿದ್ದು ಕಾಕತಾಳೀಯವಿರಬಹುದು.

ಈ ಕಾಯ್ದೆ ಮುಟ್ಟದೆ ಬಿಟ್ಟದ್ದು ಮೇಜಿನ ಮೇಲಿನ ಆಟವನ್ನು. ಎದುರುಬದುರು ಕುಳಿತು ಆಡುವ ಜೂಜು ಸಂವಿಧಾನದ ಪ್ರಕಾರ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಆದ್ದರಿಂದ ಸಂಜೆ ಮನೆಯಲ್ಲಿ ಕುಳಿತು ಎರಡು ರೂಪಾಯಿಯ ಬ್ಲೈಂಡ್ ಹಾಕಿ ಆಡುತ್ತಿದ್ದವನ ಆಟ ನಿಂತಿತು. ನೂರರ ಲೆಕ್ಕದಲ್ಲಿ ಶುರುವಾಗುವ ಹಡಗಿನ ಮೇಜು ತೆರೆದೇ ಇತ್ತು. ಚಿಕ್ಕ ಪಣ ಅಪರಾಧವಾಗಿ ದೊಡ್ಡ ಪಣ ಪ್ರವಾಸವಾಯಿತೆಂದರೆ ಸ್ವಲ್ಪ ಕಟುವಾದೀತು. ವ್ಯವಹಾರದಲ್ಲಿ ಆದದ್ದು ಮಾತ್ರ ಅದೇ.

ಗೋವಾದ ಕಾನೂನಿನ ಚರಿತ್ರೆಯೂ ಸ್ವಾರಸ್ಯಕರ. 1976ರ ಸಾರ್ವಜನಿಕ ಜೂಜು ಕಾಯ್ದೆ ಅಲ್ಲಿಯೂ ಜೂಜನ್ನು ನಿಷೇಧಿಸುತ್ತದೆ. 1992ರಲ್ಲಿ ಅದಕ್ಕೆ 13-ಎ ಎಂಬ ಕಲಂ ಸೇರಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳ ಆಟಕ್ಕೆ ದಾರಿಯಾಯಿತು. 1996ರ ತಿದ್ದುಪಡಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅನುಮತಿ ನೀಡಿತು. ಡೀಲರ್ ಕೈಯಿಂದ ಎಲೆ ಹಂಚುವ ಆಟಕ್ಕೆ ಹಡಗೇ ಬೇಕಾದದ್ದು ಹೀಗೆ. 21 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಗೋವಾದವರಿಗೂ ಇಲ್ಲ: 2020ರ ಫೆಬ್ರುವರಿ 1ರಿಂದ ಸ್ಥಳೀಯರು ಜೂಜಿನ ಅಂಗಳಕ್ಕೆ ಕಾಲಿಡುವುದನ್ನು ಅಲ್ಲಿನ ಸರ್ಕಾರ ತಡೆಯಿತು. ತನ್ನ ಪ್ರಜೆಗಳಿಗೆ ಕೇಡೆಂದು ಒಪ್ಪಿಕೊಂಡದ್ದನ್ನು ನೆರೆಯವರಿಗೆ ಮನರಂಜನೆಯೆಂದು ಮಾರುವುದು ಗೋವಾ ಸರ್ಕಾರಕ್ಕೆ ಮುಜುಗರ ತಂದಂತೆ ಕಾಣುವುದಿಲ್ಲ. ಹಡಗುಗಳು ನಿಂತಿರುವ ಮಾಂಡೋವಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ. ಇಲ್ಲಿ ಅದರ ಹೆಸರು ಮಹದಾಯಿ. ಅದರ ನೀರಿನ ಪಾಲಿಗಾಗಿ ದಶಕಗಳಿಂದ ಜಗಳವಾಡುತ್ತಿರುವ ಎರಡು ರಾಜ್ಯಗಳ ನಡುವೆ, ಅದೇ ನದಿಯ ಮೇಲೆ ಕರ್ನಾಟಕದ ಹಣ ಹರಿದುಹೋಗುವುದರ ಬಗ್ಗೆ ತಕರಾರು ಎದ್ದಿಲ್ಲ.

ಕೌಶಲವೆಂಬ ಪದ

ಪೋಕರಿನ ಸಾಮಾನ್ಯ ರೂಪವಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಒಟ್ಟು ಏಳರಲ್ಲಿ ಐದನ್ನು ಕೂಡಿಸಿ ಯಾರ ಜೋಡಣೆ ಮೇಲೋ ಅವನಿಗೆ ನಡುವಿನ ಹಣ. ಹಂತಹಂತವಾಗಿ ಪಣ ಏರಿಸಲು, ಸುಮ್ಮನಿರಲು, ಎಲೆ ಮಡಚಿ ಹಿಂದೆ ಸರಿಯಲು ಅವಕಾಶವಿರುವುದರಿಂದ ಕೆಟ್ಟ ಎಲೆ ಹಿಡಿದವನೂ ಗೆಲ್ಲಬಲ್ಲ, ಒಳ್ಳೆಯ ಎಲೆ ಹಿಡಿದವನೂ ಹೆದರಿ ಓಡಬಲ್ಲ. ಎದುರಾಳಿ ಕ್ಯಾಸಿನೊ ಅಲ್ಲ, ಪಕ್ಕದಲ್ಲಿ ಕುಳಿತ ಇನ್ನೊಬ್ಬ ಆಟಗಾರ. ರೂಲೆಟ್‌ನಲ್ಲಿ ಎಷ್ಟೇ ತಲೆ ಓಡಿಸಿದರೂ ಒಂದೇ ಸೊನ್ನೆಯ ಚಕ್ರ ಪ್ರತಿ ನೂರು ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ನುಂಗುತ್ತದೆ. ಪೋಕರಿನಲ್ಲಿ ಹಾಗೆ ಮೊದಲೇ ಬರೆದಿಟ್ಟ ಸೋಲಿಲ್ಲ. ಕೌಶಲದ ವಾದಕ್ಕೆ ಇದು ನಿಜವಾದ ಬಲ.

ಕರ್ನಾಟಕದ ಕಾನೂನೂ ಇದನ್ನು ಮನ್ನಿಸುತ್ತದೆ. 1963ರ ಪೊಲೀಸ್ ಕಾಯ್ದೆಯ ಕಲಂ 176 ಕೇವಲ ಕೌಶಲದ ಆಟಗಳನ್ನು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇದರ ಆಧಾರದ ಮೇಲೆ 2013ರ ಅಕ್ಟೋಬರ್‌ನಲ್ಲಿ ರಾಜ್ಯ ಹೈಕೋರ್ಟ್, ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಅಗತ್ಯವಿಲ್ಲವೆಂದು ಹೇಳಿತು. ಬೆಂಗಳೂರಿನಲ್ಲಿ ಪೋಕರ್ ಕ್ಲಬ್ಬುಗಳು ತಲೆಯೆತ್ತಿದ್ದು ಆ ನಂತರ. 2021ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರುವರಿ 14ರಂದು ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ರದ್ದುಪಡಿಸಿತು. ಎಲ್ಲ ರಾಜ್ಯಗಳ ನೋಟವೂ ಒಂದೇ ಆಗಿಲ್ಲ. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರನ್ನು ಜೂಜೆಂದೇ ಕರೆಯಿತು. ಪಶ್ಚಿಮ ಬಂಗಾಳದ ಕಾನೂನು ಅದನ್ನು ಬ್ರಿಜ್ ಮತ್ತು ರಮ್ಮಿಯ ಸಾಲಿಗೆ ಸೇರಿಸಿದೆ.

ಈ ವಾದವಿವಾದಗಳಿಗೆಲ್ಲ ಬೇರು 1967ರಲ್ಲಿದೆ. ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ರಮ್ಮಿ ಆಡುತ್ತಿದ್ದವರ ಮೇಲಿನ ಪ್ರಕರಣವನ್ನು ವಿಚಾರಿಸಿದ ಸುಪ್ರೀಂ ಕೋರ್ಟ್, ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬ ನೆನಪು ಮತ್ತು ಯುಕ್ತಿ ಬೇಕಾಗುವ ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದಿತು. ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ ಪ್ರಕರಣದ ಆ ತೀರ್ಪನ್ನು ಕೌಶಲದ ಪರ ವಾದಿಸುವವರೆಲ್ಲ ಉಲ್ಲೇಖಿಸುತ್ತಾರೆ. ಅದರ ಮುಂದಿನ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಆಟ ನಡೆಸುವ ಕ್ಲಬ್ಬು ಅಥವಾ ಮನೆಯ ಯಜಮಾನ ಆಟದಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಸಾಬೀತಾಗಬಹುದು ಎಂದೂ ಅದೇ ಪೀಠ ಹೇಳಿತ್ತು. ಸೇವೆಗೆ ತಕ್ಕ ಸಣ್ಣ ಶುಲ್ಕಕ್ಕೂ ಆಟದ ಹಣದಲ್ಲಿ ಪಾಲು ಕೇಳುವುದಕ್ಕೂ ನ್ಯಾಯಮೂರ್ತಿಗಳು ಅಂತರ ಕಂಡಿದ್ದರು.

ಅಂದರೆ, ಆಟದಲ್ಲಿ ಜಾಣ್ಮೆ ಎಷ್ಟಿದೆ ಎಂಬ ಒಂದು ಪ್ರಶ್ನೆಯ ಜೊತೆಗೆ, ಆಡಿಸುವವನಿಗೆ ಎಷ್ಟು ಸಿಗುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನೂ 1967ರ ತೀರ್ಪು ಎತ್ತಿತ್ತು. ಐವತ್ತು ವರ್ಷಗಳ ಚರ್ಚೆ ಮೊದಲನೆಯದರ ಸುತ್ತಲೇ ಸುತ್ತಿತು. ಪ್ರವಾಸಿ ಆಟಗಾರನ ಜೇಬಿಗೆ ಸಂಬಂಧಪಟ್ಟದ್ದು ಎರಡನೆಯದು.

ಎರಡು ರಾತ್ರಿಯ ಲೆಕ್ಕ

ಪೋಕರ್ ಮೇಜಿನಲ್ಲಿ ಕ್ಯಾಸಿನೊ ಆಡುವುದಿಲ್ಲ. ಪ್ರತಿ ಆಟದ ನಡುವಿನ ಹಣದಿಂದ ಒಂದಂಶವನ್ನು ಎತ್ತಿಕೊಳ್ಳುತ್ತದೆ. ಇದಕ್ಕೆ ರೇಕ್ ಎಂದು ಹೆಸರು. ಸಾಮಾನ್ಯವಾಗಿ ಶೇಕಡಾವಾರು, ಮೇಲೊಂದು ಮಿತಿ. ಎಲೆ ಹಂಚುವವನು ನಾಲ್ಕಾರು ಚಿಪ್‌ಗಳನ್ನು ಸರಿಸಿ ಮೇಜಿನ ಸೀಳಿನೊಳಗೆ ಹಾಕುವುದನ್ನು ಆಟದ ಭರಾಟೆಯಲ್ಲಿ ಗಮನಿಸುವವರಿಲ್ಲ. ಗೆದ್ದವನು ಉದಾರಿ, ಸೋತವನ ಮನಸ್ಸು ಬೇರೆಡೆ.

ಉದಾಹರಣೆಗೆ ಹೀಗೆ ಎಣಿಸಬಹುದು. ಒಂಬತ್ತು ಮಂದಿ ತಲಾ 30 ಸಾವಿರ ರೂಪಾಯಿಯ ಚಿಪ್ ಕೊಂಡು ಕುಳಿತಿದ್ದಾರೆ. ಮೇಜಿನಲ್ಲಿರುವ ಒಟ್ಟು ಹಣ 2 ಲಕ್ಷ 70 ಸಾವಿರ. ಮನುಷ್ಯನೇ ಎಲೆ ಕಲಸಿ ಹಂಚುವ ಮೇಜಿನಲ್ಲಿ ತಾಸಿಗೆ 25ರಿಂದ 30 ಆಟ ಮುಗಿಯುತ್ತವೆ; 28 ಎಂದಿಟ್ಟುಕೊಂಡರೆ ಸಾಕು. ಆಟವೊಂದಕ್ಕೆ ಸರಾಸರಿ 300 ರೂಪಾಯಿ ರೇಕ್ ಎಂದು ಭಾವಿಸಿದರೆ ತಾಸಿಗೆ 8,400 ರೂಪಾಯಿ. ಎರಡು ರಾತ್ರಿ ಸೇರಿ 12 ತಾಸು ಆಡಿದರೆ 1 ಲಕ್ಷ 800 ರೂಪಾಯಿ. ಯಾರೂ ಹೊಸದಾಗಿ ಚಿಪ್ ಕೊಳ್ಳದಿದ್ದರೆ, ಮೇಜಿಗೆ ಬಂದ ಹಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಈಗ ಮೇಜಿನ ಮೇಲೆಯೇ ಇಲ್ಲ. ತಲೆಗೆ 11,200 ರೂಪಾಯಿ. ಒಂಬತ್ತೂ ಮಂದಿ ಸರಿಸಮಾನ ಜಾಣರಾಗಿದ್ದರೆ ಸರಾಸರಿಯಲ್ಲಿ ಒಂಬತ್ತೂ ಮಂದಿ ಸೋತವರೇ. ರೇಕ್‌ನ ದರ ಮೇಜಿನಿಂದ ಮೇಜಿಗೆ ಬದಲಾಗುತ್ತದೆ. ಕಡಿಮೆ ದರದಲ್ಲಿ ನಷ್ಟ ನಿಧಾನವಾಗಿ ಆಗುತ್ತದೆ, ಅಷ್ಟೆ.

ಜಾಣನಾದವನು ಉಳಿದವರನ್ನು ಸೋಲಿಸಿ ಈ ಕೊರತೆ ತುಂಬಿಕೊಳ್ಳಬಹುದಲ್ಲ? ತುಂಬಿಕೊಳ್ಳಬಹುದು, ಸಮಯವಿದ್ದರೆ. ಗಣಿತ ಇಲ್ಲಿ ನಿರ್ದಯವಾಗಿದೆ. 12 ತಾಸಿಗೆ 336 ಆಟ. ಕೈಗೆ ಜೋಡಿ ಎಕ್ಕ ಬರುವ ಸಂಭವ 221ಕ್ಕೆ ಒಂದು. ಅಂದರೆ ಇಡೀ ಪ್ರವಾಸದಲ್ಲಿ ಒಂದೋ ಎರಡೋ ಸಲ. ಯಾವುದಾದರೂ ಜೋಡಿ ಬರುವುದು 17ಕ್ಕೆ ಒಂದರಂತೆ, ಸುಮಾರು 20 ಸಲ. ಆ ಜೋಡಿಗೆ ಮೇಜಿನ ಮೊದಲ ಮೂರು ಎಲೆಗಳಲ್ಲಿ ಮೂರನೆಯದು ಸೇರುವುದು ಎಂಟೂವರೆ ಸಲಕ್ಕೊಮ್ಮೆ. ಎಂದರೆ ಎರಡು ರಾತ್ರಿಗೆ ಎರಡು ಅಥವಾ ಮೂರು ಅವಕಾಶ. ಕೊನೆಗೆ ಎಕ್ಕದ ಜೋಡಿ ಹಿಡಿದು, ರಾಜನ ಜೋಡಿ ಹಿಡಿದವನ ಎದುರು ಇದ್ದಬದ್ದ ಚಿಪ್‌ಗಳನ್ನೆಲ್ಲ ತಳ್ಳಿದರೂ ನೂರರಲ್ಲಿ 18 ಸಲ ಸೋಲು ಖಚಿತ. ಸರಿಯಾದ ನಿರ್ಧಾರಕ್ಕೆ ಸಿಗುವ ಫಲವದು. ಇಷ್ಟು ಕಡಿಮೆ ಆಟಗಳಲ್ಲಿ ಒಳ್ಳೆಯ ಆಟಗಾರನನ್ನೂ ಸಾಧಾರಣ ಆಟಗಾರನನ್ನೂ ಫಲಿತಾಂಶದಿಂದ ಬೇರ್ಪಡಿಸುವುದು ಸಾಧ್ಯವಿಲ್ಲ. ಫೋನಿನಲ್ಲಿ ನಾಲ್ಕು ಮೇಜುಗಳನ್ನು ಒಟ್ಟಿಗೆ ತೆರೆದಿಟ್ಟು ಆಡುತ್ತಿದ್ದವನು ಇಷ್ಟು ಆಟಗಳನ್ನು ಒಂದೇ ಸಂಜೆಯಲ್ಲಿ ಮುಗಿಸುತ್ತಿದ್ದ.

ನ್ಯಾಯಾಲಯ ಕೌಶಲವೆಂದು ಹೇಳುವಾಗ ಆಟದ ಸ್ವಭಾವವನ್ನು ನೋಡುತ್ತದೆ. ಸಾವಿರಾರು ಆಟಗಳ ಕೊನೆಯಲ್ಲಿ ಜಾಣನೇ ಮೇಲೆ ಬರುತ್ತಾನೆ ಎಂಬುದು ಅದರ ಅರ್ಥ. ರಜೆಯ ಆಟಗಾರ ಆ ಸಾವಿರಾರು ಆಟಗಳ ಕೊನೆಯನ್ನು ಕಾಣುವುದೇ ಇಲ್ಲ. ಭಾನುವಾರದ ಹೊತ್ತಿಗೆ ಅವನ ಬಸ್ಸು ಹೊರಡುತ್ತದೆ. ಅದೇ ಪೋಕರ್ ವೃತ್ತಿಗಾರನಿಗೆ ಕೌಶಲದ ಆಟವಾಗಿಯೂ ಅವನಿಗೆ ಬಹುಮಟ್ಟಿಗೆ ಅದೃಷ್ಟದ ಆಟವಾಗಿಯೂ ಇರುತ್ತದೆ. ಈ ಭೇದವನ್ನು ಯಾವ ತೀರ್ಪೂ ಮಾಡಿಲ್ಲ; ಮಾಡುವುದು ಸುಲಭವೂ ಅಲ್ಲ.

ಕೌಶಲ ಸುಳ್ಳೆಂದು ಇದರರ್ಥವಲ್ಲ. ನೇರ ಮೇಜಿನಲ್ಲಿ ಕಲಿಯಬೇಕಾದದ್ದು ಬಹಳವಿದೆ. ಫೋನು ಎದುರಾಳಿಯ ಮುಖ ತೋರಿಸುವುದಿಲ್ಲ. ಚಿಪ್ ಎಣಿಸುವಾಗಿನ ಕೈನಡುಕ, ಇದ್ದಕ್ಕಿದ್ದಂತೆ ನಿಂತ ಹರಟೆ, ತನ್ನ ಎಲೆಯನ್ನು ಎರಡನೆಯ ಸಲ ಇಣುಕಿ ನೋಡುವುದು ಇವೆಲ್ಲ ಮೇಜಿನಲ್ಲಿ ಓದಿಕೊಳ್ಳಬೇಕಾದ ಅಕ್ಷರಗಳು. ಆದರೆ ಅವನ್ನು ಚೆನ್ನಾಗಿ ಓದಬಲ್ಲವರು ಪ್ರವಾಸಿಗಳಲ್ಲ. ಎಲ್ಲ ಪೋಕರ್ ಊರುಗಳಂತೆ ಇಲ್ಲಿಯೂ ತಿಂಗಳುಗಟ್ಟಲೆ ಆಡುವ ಖಾಯಂ ಆಟಗಾರರುಂಟು. ಅನುಭವವಿಲ್ಲದೆ ಹಣ ತರುವವನನ್ನು ಅವರ ಪರಿಭಾಷೆಯಲ್ಲಿ ಮೀನು ಎನ್ನುತ್ತಾರೆ. ವಾರಾಂತ್ಯ ಬಂತೆಂದರೆ ಮೀನಿನ ಸುಗ್ಗಿ. ಖಾಯಂ ಆಟಗಾರ ಮದ್ಯ ಮುಟ್ಟದೆ, ನಿದ್ದೆ ಮಾಡಿ ಬಂದು, ಹತ್ತರಲ್ಲಿ ಎಂಟು ಸಲ ಎಲೆ ಮಡಚಿ ಕಾಯುತ್ತಾನೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದವನಿಗೆ ಕಾಯಲು ವ್ಯವಧಾನವಿಲ್ಲ. ಅಷ್ಟು ದೂರ ಬಂದದ್ದು ಎಲೆ ಮಡಚಲಿಕ್ಕಲ್ಲವಲ್ಲ. ಪ್ರವೇಶದ ಪ್ಯಾಕೇಜಿನಲ್ಲಿ ಊಟ ಮತ್ತು ಮದ್ಯ ಸೇರಿರುವುದು ಸಾಮಾನ್ಯ. ಅದರ ಬೆಲೆ ಎಲ್ಲಿಂದ ಹುಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಜಗತ್ತಿನಲ್ಲಿ ಈ ಆಟದ ಹುಚ್ಚು ಹರಡಿದ್ದರ ಹಿಂದೆಯೂ ಒಬ್ಬ ಪ್ರವಾಸಿಯ ಕಥೆಯೇ ಇದೆ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಲೆಕ್ಕಿಗ, ಅಂತರಜಾಲದ ಸಣ್ಣ ಅರ್ಹತಾ ಪಂದ್ಯವೊಂದನ್ನು ಗೆದ್ದು ಲಾಸ್ ವೇಗಾಸ್‌ಗೆ ಹೋಗಿ, ಪೋಕರಿನ ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಅವನ ಜೊತೆ ಆ ಪಂದ್ಯಕ್ಕೆ ಕುಳಿತಿದ್ದ 838 ಮಂದಿಯ ಹೆಸರನ್ನು ಆಟದ ಅಭಿಮಾನಿಗಳೂ ನೆನಪಿಟ್ಟುಕೊಂಡಿಲ್ಲ.

ಹಾಗೆ ನೋಡಿದರೆ ಪ್ರವಾಸಿಗೆ ಪಂದ್ಯಾವಳಿಯ ರೂಪ ಸ್ವಲ್ಪ ವಾಸಿ. ಪ್ರವೇಶ ಶುಲ್ಕ ಮೊದಲೇ ನಿಗದಿಯಾಗಿರುತ್ತದೆ; ಮತ್ತೆ ಮತ್ತೆ ಚಿಪ್ ಕೊಳ್ಳಲು ಅವಕಾಶವಿಲ್ಲದ ಪಂದ್ಯವಾದರೆ ನಷ್ಟದ ಮಿತಿ ಮನೆಯಿಂದ ಹೊರಡುವಾಗಲೇ ಗೊತ್ತು. ನಗದು ಮೇಜಿನಲ್ಲಿ ಆ ಮಿತಿಯನ್ನು ಆಟಗಾರನೇ, ಅದೂ ಬೆಳಗಿನ ಮೂರು ಗಂಟೆಗೆ, ಹಾಕಿಕೊಳ್ಳಬೇಕು. ಇನ್ನೊಂದು ಅಪಾಯವೂ ಇದೆ. ರೂಲೆಟ್ ಮತ್ತು ಬಕಾರಾಗಳಿಗೆ ಹೋಲಿಸಿದರೆ ಪೋಕರ್ ಕ್ಯಾಸಿನೊಗಳಿಗೆ ಅಷ್ಟೇನೂ ಹಣ ತರುವ ಆಟವಲ್ಲ. ಪೋಕರ್ ಮೇಜಿನಲ್ಲಿ ಐದು ತಾಸು ತಾಳ್ಮೆಯಿಂದ ಗೆದ್ದ ಹತ್ತು ಸಾವಿರವನ್ನು ಹೊರಡುವ ದಾರಿಯಲ್ಲಿರುವ ಚಕ್ರದ ಮೇಲೆ ಐದು ನಿಮಿಷದಲ್ಲಿ ಕಳೆದುಕೊಳ್ಳುವವನಿಗೆ ಯಾವ ಕೋರ್ಟಿನ ಕೌಶಲವೂ ನೆರವಿಗೆ ಬರುವುದಿಲ್ಲ.

ತೆರಿಗೆಗೆ ಭೇದವಿಲ್ಲ

ಕೌಶಲ ಮತ್ತು ಅದೃಷ್ಟದ ನಡುವಿನ ಗೆರೆಯನ್ನು ಮೊದಲು ಅಳಿಸಿದ್ದು ಸಂಸತ್ತಲ್ಲ, ಜಿಎಸ್‌ಟಿ ಮಂಡಳಿ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊ, ಕುದುರೆ ಪಂದ್ಯ ಮತ್ತು ಆನ್‌ಲೈನ್ ಆಟಗಳಿಗೆ ಆಟ ನಡೆಸುವವರ ಆದಾಯದ ಮೇಲಲ್ಲ, ಆಟಗಾರ ತರುವ ಪೂರ್ಣ ಹಣದ ಮೇಲೆ ಶೇ 28 ತೆರಿಗೆ ಜಾರಿಯಾಯಿತು. ಕ್ಯಾಸಿನೊದಲ್ಲಿ ಚಿಪ್ ಕೊಳ್ಳುವಾಗ ಕೊಡುವ ಮೊತ್ತವೇ ತೆರಿಗೆಗೆ ಆಧಾರ; ಗೆದ್ದ ಚಿಪ್‌ಗಳನ್ನೇ ಮತ್ತೆ ಪಣಕ್ಕಿಟ್ಟರೆ ಮತ್ತೊಮ್ಮೆ ತೆರಿಗೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ದರ ಶೇ 40ಕ್ಕೆ ಏರಿತು. ಇದರಲ್ಲಿ ಎಷ್ಟನ್ನು ಕ್ಯಾಸಿನೊ ಹೊರುತ್ತದೆ, ಎಷ್ಟನ್ನು ಆಟಗಾರನಿಗೆ ದಾಟಿಸುತ್ತದೆ ಎಂಬುದು ಅವರವರ ವ್ಯವಹಾರ. ಆದರೆ ಮೇಜಿನ ಮೇಲೆ ಕೈಬದಲಾಗುವ ಹಣ ಆಟಗಾರರದೇ ಆಗಿರುವ ಪೋಕರಿಗೂ, ಚಕ್ರದ ಎದುರು ಇಡುವ ಪಣಕ್ಕೂ ತೆರಿಗೆಯ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ.

ಆನ್‌ಲೈನ್ ನಿಷೇಧದ ವಿರುದ್ಧದ ಮೊದಲ ಅರ್ಜಿಗಳಲ್ಲಿ ಒಂದು ಕರ್ನಾಟಕ ಹೈಕೋರ್ಟಿಗೇ ಬಂದಿತ್ತು. ದೆಹಲಿ ಮತ್ತು ಮಧ್ಯಪ್ರದೇಶ ಹೈಕೋರ್ಟುಗಳ ಅರ್ಜಿಗಳ ಜೊತೆ ಅದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾಯಿತು. ಕೌಶಲದ ಆಟವೂ ಒಂದು ವ್ಯಾಪಾರ, ವ್ಯಾಪಾರ ಮಾಡುವುದು ಸಂವಿಧಾನದತ್ತ ಹಕ್ಕು ಎಂಬ ಹಳೆಯ ವಾದವೇ ಇಂತಹ ಪ್ರಕರಣಗಳ ಬುನಾದಿ. ಅದು ನಡೆಸುವವರ ಹಕ್ಕಿನ ಮಾತು. ಆಡುವವನ ಪರವಾಗಿ ಕೇಳಬಹುದಾದ ಪ್ರಶ್ನೆಗಳು ಇನ್ನೂ ಸರಳ: ಪ್ರತಿ ಮೇಜಿನ ರೇಕ್ ಎಷ್ಟೆಂದು ದೋಣಿ ಏರುವ ಮುನ್ನವೇ ಬರೆದು ತೂಗುಹಾಕುವುದು ಕಡ್ಡಾಯವೇಕಲ್ಲ? ಒಂದು ರಾತ್ರಿಗೆ ಒಬ್ಬ ಕೊಳ್ಳಬಹುದಾದ ಚಿಪ್‌ಗೆ ಮಿತಿ ಏಕಿರಬಾರದು? ತನ್ನ ನಿವಾಸಿಗಳನ್ನು ಗುರುತಿನ ಚೀಟಿ ನೋಡಿ ಹೊರಗಿಡಬಲ್ಲ ರಾಜ್ಯಕ್ಕೆ, ತನ್ನನ್ನು ಒಳಬಿಡಬೇಡಿ ಎಂದು ತಾನೇ ಬರೆದುಕೊಟ್ಟ ಹೊರನಾಡಿನವನನ್ನು ಹೊರಗಿಡುವುದು ಅಸಾಧ್ಯವೇನಲ್ಲ. ನಿಷೇಧದ ಗದ್ದಲದಲ್ಲಿ ನಿಯಂತ್ರಣದ ಈ ಸಣ್ಣ ಕೆಲಸಗಳು ಮರೆಗೆ ಸರಿದಿವೆ.

ಆದಾಯ ತೆರಿಗೆಯದ್ದು ಬೇರೆಯೇ ಕಥೆ. ಎಲೆಯಾಟದ ಗೆಲುವಿಗೆ ಶೇ 30ರ ದರ; ಮೂಲ ವಿನಾಯಿತಿಯ ಲಾಭ ಅದಕ್ಕಿಲ್ಲ, ಸೋತ ಹಣವನ್ನು ಗೆದ್ದ ಹಣದಿಂದ ಕಳೆಯುವುದಕ್ಕೂ, ಪ್ರಯಾಣದ ಖರ್ಚು ತೋರಿಸುವುದಕ್ಕೂ ಅವಕಾಶವಿಲ್ಲ. ಶುಕ್ರವಾರ ರಾತ್ರಿ 40 ಸಾವಿರ ಗೆದ್ದು ಶನಿವಾರ ರಾತ್ರಿ 60 ಸಾವಿರ ಸೋತು, ಭಾನುವಾರ ಸಂಜೆ ಪಣಜಿಯ ಕದಂಬ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುವವನು ತನ್ನ ಲೆಕ್ಕದಲ್ಲಿ 20 ಸಾವಿರ ಕಳೆದುಕೊಂಡವನು. ಕಾನೂನಿನ ಲೆಕ್ಕದಲ್ಲಿ ಅವನು 40 ಸಾವಿರ ಗಳಿಸಿದವನು.